ಕ್ಲಸ್ಟರ್‌ನಲ್ಲಿ ಆರ್ ಓಡಿಸುವಾಗ: ಕೇಳಿದ ಕೋರ್ ಎಷ್ಟು, ಬಳಸುತ್ತಿರುವುದು ಎಷ್ಟು?

ಕೇಳಿದವರು (ಸಂಶೋಧನಾ ವಿದ್ಯಾರ್ಥಿ):
ಎಲ್ಲರಿಗೂ ನಮಸ್ಕಾರ. ಆರ್ ಅನ್ನುವ ಅಂಕಿಅಂಶಗಳ ಭಾಷೆಯಲ್ಲಿ ಬರೆದ ಬೂಟ್‌ಸ್ಟ್ರಾಪ್ ಸ್ಕ್ರಿಪ್ಟ್ ಒಂದಿದೆ, ಡೇಟಾದಿಂದ ಪ್ರತಿ ಸಲ ಹೊಸ ಯಾದೃಚ್ಛಿಕ ಮಾದರಿ ತೆಗೆದು ಒಂದೇ ಲೆಕ್ಕವನ್ನು 1000 ಸಲ ಮಾಡುತ್ತೆ. ಈಗ ಸ್ಲರ್ಮ್ (ಜಾಬ್‌ಗಳಿಗೆ ಕೋರ್, ಮೆಮೊರಿ ಹಂಚುವ ತಂತ್ರಾಂಶ) ಇರುವ ಕ್ಲಸ್ಟರ್‌ನಲ್ಲಿ, ಅಂದರೆ ಹಲವರು ಹಂಚಿಕೊಳ್ಳುವ ಯಂತ್ರಗಳ ಗುಂಪಿನಲ್ಲಿ, ಖಾತೆ ಸಿಕ್ಕಿದೆ. 8 ಕೋರ್ ಕೇಳಿ ಓಡಿಸಿದರೆ ನನ್ನ ಲ್ಯಾಪ್‌ಟಾಪಿಗಿಂತ ನಿಧಾನ, ಕೆಲವೊಮ್ಮೆ ಜಾಬ್ ಅರ್ಧದಲ್ಲೇ ನಿಂತುಹೋಗುತ್ತೆ. ಅನುಭವ ಇರುವವರು ದಯವಿಟ್ಟು ಹೇಳಿ, ಎಲ್ಲಿಂದ ಹುಡುಕಲಿ?

ಉತ್ತರ 1 (ದಿನವೂ ಆರ್ ಬಳಸುವವರು):
ನಿಮ್ಮ ಸ್ಕ್ರಿಪ್ಟಿನಲ್ಲಿ ಡಿಟೆಕ್ಟ್‌ಕೋರ್ಸ್ ಇದೆಯಾ, ಮೊದಲು ಅದನ್ನು ನೋಡಿ. ಬಹುಪಾಲು ಇರುತ್ತೆ. ಆ ಫಂಕ್ಷನ್ ಎಣಿಸುವುದು ಯಂತ್ರದಲ್ಲಿ ಒಟ್ಟು ಎಷ್ಟು ಕೋರ್ ಇವೆ ಅನ್ನುವುದನ್ನು, ನಿಮಗೆ ಸ್ಲರ್ಮ್ ಕೊಟ್ಟದ್ದನ್ನಲ್ಲ. 64 ಕೋರಿನ ನೋಡ್‌ನಲ್ಲಿ (ನೋಡ್ ಅಂದರೆ ಕ್ಲಸ್ಟರಿನ ಒಂದು ಯಂತ್ರ) ನಿಮಗೆ 8 ಕೊಟ್ಟಿದ್ದರೂ ಅದು 64 ಅನ್ನುತ್ತೆ. ಕೆಲಸವನ್ನು ಹಲವು ಪ್ರೊಸೆಸ್‌ಗೆ ಹಂಚುವ ಎಂಸಿಲ್ಯಾಪ್ಲೈ ಫಂಕ್ಷನ್ ಆ ಮಾತನ್ನು ನಂಬಿ 64 ಪ್ರೊಸೆಸ್ ಹುಟ್ಟಿಸುತ್ತೆ, ಅವೆಲ್ಲ 8 ಕೋರ್‌ಗಳ ಮೇಲೆ ಮುಗಿಬೀಳುತ್ತವೆ. ನಿಧಾನವಾಗುವುದು ಅದಕ್ಕೆ. ಪ್ರತಿ ಪ್ರೊಸೆಸ್ ತನ್ನ ಪಾಲಿನ ಮೆಮೊರಿಯನ್ನೂ ತಿನ್ನುವುದರಿಂದ ಜಾಬ್ ಸಾಯುವುದಕ್ಕೂ ಇದೇ ಕಾರಣ ಇರಬಹುದು.

ಸಿಸ್.ಗೆಟ್‌ಎನ್ವ್ ಬಳಸಿ ಸ್ಲರ್ಮ್_ಸಿಪಿಯುಸ್_ಪರ್_ಟಾಸ್ಕ್ (ನಿಮಗೆ ಕೊಟ್ಟ ಕೋರ್‌ಗಳ ಸಂಖ್ಯೆಯನ್ನು ಸ್ಲರ್ಮ್ ಇಡುವ ಚರ) ಓದಿ, ಆಸ್.ಇಂಟಿಜರ್‌ನಿಂದ ಪೂರ್ಣಾಂಕ ಮಾಡಿ, ಆ ಸಂಖ್ಯೆಯನ್ನೇ ಎಂಸಿಲ್ಯಾಪ್ಲೈಗೆ ಕೊಡಿ. ಇಲ್ಲವೇ ಪ್ಯಾರಲಲೀ ಪ್ಯಾಕೇಜಿನ ಅವೈಲಬಲ್‌ಕೋರ್ಸ್ ಬಳಸಿ, ಅದಕ್ಕೆ ಸ್ಲರ್ಮ್ ಗೊತ್ತು. ಜಾಬ್ ಸ್ಕ್ರಿಪ್ಟಿನಲ್ಲಿ ಕೇಳುವಾಗಲೂ ಎಚ್ಚರ ಬೇಕು: ನಿಮಗೆ ಬೇಕಿರುವುದು ಒಂದು ಟಾಸ್ಕ್, ಅದಕ್ಕೆ 8 ಸಿಪಿಯು. ಎನ್‌ಟಾಸ್ಕ್ಸ್ 8 ಅಂತ ಬರೆದರೆ ಕೋರ್‌ಗಳು ಬೇರೆ ಬೇರೆ ನೋಡ್‌ಗಳಿಗೆ ಹಂಚಿಹೋಗಬಹುದು. ಎಂಸಿಲ್ಯಾಪ್ಲೈಗೆ ಪಕ್ಕದ ನೋಡ್ ಕಾಣುವುದೇ ಇಲ್ಲ.

ಇದೆಲ್ಲ ಸರಿಯಿದ್ದೂ ನಿಧಾನವಾದರೆ ಬ್ಲಾಸ್ ನೋಡಿ, ಅಂದರೆ ಆರ್ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಬಳಸುವ ಲೈಬ್ರರಿ. ಆರ್ ಅನ್ನು ಅದರ ಒಂದು ಬಗೆಯಾದ ಓಪನ್‌ಬ್ಲಾಸ್ ಜೊತೆ ಕಟ್ಟಿದ್ದರೆ ಮ್ಯಾಟ್ರಿಕ್ಸ್ ಗುಣಾಕಾರ ತಾನಾಗಿಯೇ ಹಲವು ಥ್ರೆಡ್ ತೆರೆಯುತ್ತೆ. ನಿಮ್ಮ 8 ಪ್ರೊಸೆಸ್ ತಲಾ 8 ಥ್ರೆಡ್ ತೆರೆದರೆ ಮತ್ತೆ 64. ಆರ್‌ಸ್ಕ್ರಿಪ್ಟ್ ಕರೆಯುವ ಸಾಲಿಗಿಂತ ಮೇಲೆ ಓಎಂಪಿ_ನಮ್_ಥ್ರೆಡ್ಸ್ ಅನ್ನು 1ಕ್ಕೆ ಎಕ್ಸ್‌ಪೋರ್ಟ್ ಮಾಡಿ.

ಉತ್ತರ 2 (ಕ್ಲಸ್ಟರ್ ನೋಡಿಕೊಳ್ಳುವವರು):
ಮೇಲಿನದ್ದೆಲ್ಲ ಸರಿ. ಆದರೆ ನಿಮ್ಮ ಕೆಲಸಕ್ಕೆ ಆರ್ ಒಳಗಿನ ಪ್ಯಾರಲಲ್ ಬೇಕೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. 1000 ಸಲದ ಲೆಕ್ಕಗಳು ಒಂದಕ್ಕೊಂದು ಸಂಬಂಧವಿಲ್ಲದವು. 20 ಟಾಸ್ಕ್‌ಗಳ ಅರೇ ಜಾಬ್ (ಒಂದೇ ಸ್ಕ್ರಿಪ್ಟನ್ನು ಬೇರೆ ಬೇರೆ ಸಂಖ್ಯೆಯೊಡನೆ ಹಲವು ಸಲ ಓಡಿಸುವ ಜಾಬ್) ಮಾಡಿ, ಒಂದೊಂದಕ್ಕೆ 1 ಕೋರ್, 50 ಲೆಕ್ಕ. 8 ಕೋರ್ ಒಂದೇ ನೋಡ್‌ನಲ್ಲಿ ಖಾಲಿಯಾಗಲು ಕಾಯುವುದಕ್ಕಿಂತ ಒಂಟಿ ಕೋರ್‌ಗಳು ಸಾಮಾನ್ಯವಾಗಿ ಬೇಗ ಸಿಗುತ್ತವೆ. ಟಾಸ್ಕಿನ ಸಂಖ್ಯೆ ಇರುವ ಸ್ಲರ್ಮ್_ಅರೇ_ಟಾಸ್ಕ್_ಐಡಿ ಓದಿ, ಆ ಸಂಖ್ಯೆಯನ್ನು ಫೈಲ್ ಹೆಸರಿಗೆ ಸೇರಿಸಿ ಫಲಿತಾಂಶವನ್ನು ಸೇವ್‌ಆರ್‌ಡಿಎಸ್ ಮಾಡಿ. 13ನೆಯದು ಕೈಕೊಟ್ಟರೆ 13 ಒಂದನ್ನೇ ಮತ್ತೆ ಕಳಿಸಿದರಾಯಿತು, ಉಳಿದ 19 ಭದ್ರ. ಒಂದೊಂದು ಲೆಕ್ಕಕ್ಕೂ ಒಂದೊಂದು ಟಾಸ್ಕ್ ಮಾತ್ರ ಮಾಡಬೇಡಿ. ಕೆಲವೇ ಸೆಕೆಂಡಿನ ಕೆಲಸಕ್ಕೆ ಪ್ರತಿ ಸಲ ಆರ್ ಎದ್ದು ಪ್ಯಾಕೇಜ್ ಓದುವುದರಲ್ಲೇ ಸಮಯ ಹೋಗುತ್ತೆ, ಹಂಚಿಕೊಂಡ ಡಿಸ್ಕ್ ಮೇಲೂ ಭಾರ.

ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಎಲ್ಲಿಂದ ಶುರು ಅನ್ನುವುದನ್ನು ನಿರ್ಧರಿಸುವ ಸಂಖ್ಯೆ) ವಿಷಯ ತುಂಬಾ ಮುಖ್ಯ. ಸ್ಕ್ರಿಪ್ಟಿನ ಆರಂಭದಲ್ಲಿ ಸೆಟ್.ಸೀಡ್ 123 ಅಂತಿದ್ದರೆ 20 ಟಾಸ್ಕ್‌ಗಳೂ ಅದೇ 50 ಉತ್ತರ ಕೊಡುತ್ತವೆ. 1000 ಮಾದರಿ ಇವೆ ಅಂದುಕೊಂಡು ಬರೆದ ಪ್ರಬಂಧದಲ್ಲಿ ನಿಜಕ್ಕೂ ಇರುವುದು 50 ಮಾತ್ರ. ಎರರ್ ಕೂಡ ಬರುವುದಿಲ್ಲ. ಆರ್‌ನಲ್ಲಿರುವ ಲೆಕುಯೆ ಅನ್ನುವ ಯಾದೃಚ್ಛಿಕ ಸಂಖ್ಯೆ ಜನರೇಟರ್ ಆರಿಸಿಕೊಂಡು ನೆಕ್ಸ್ಟ್‌ಆರ್‌ಎನ್‌ಜಿಸ್ಟ್ರೀಮ್ ಮೂಲಕ ಪ್ರತಿ ಟಾಸ್ಕಿಗೂ ಬೇರೆ ಸ್ಟ್ರೀಮ್ (ಸಂಖ್ಯೆಗಳ ಸರಣಿ) ಕೊಡಿ.

ಇನ್ನು, ಲಾಗಿನ್ ನೋಡ್‌ನಲ್ಲಿ ಲೆಕ್ಕ ಓಡಿಸಬೇಡಿ. ಅದು ಎಲ್ಲರ ಬಾಗಿಲು.

ಉತ್ತರ 3:
ಪ್ಯಾಕೇಜ್ ಬಗ್ಗೆ ಎರಡು ಮಾತು. ಎಷ್ಟೋ ಕಡೆ ಕಂಪ್ಯೂಟ್ ನೋಡ್‌ಗೆ ಇಂಟರ್ನೆಟ್ ಇರುವುದಿಲ್ಲ, ಇನ್‌ಸ್ಟಾಲ್ ಮೊದಲೇ ಮುಗಿಸಿಕೊಳ್ಳಿ. ಕ್ಲಸ್ಟರಿನಲ್ಲಿ ಆರ್ ಮಾಡ್ಯೂಲ್ ಲೋಡ್ ಮಾಡುವಾಗ ಆರ್ ಆವೃತ್ತಿ ಸಂಖ್ಯೆ ಬರೆಯಿರಿ, 4.3ರಿಂದ 4.4ಕ್ಕೆ ಹೋದರೆ ಪ್ಯಾಕೇಜ್‌ಗಳನ್ನು ಹೊಸದಾಗಿ ಹಾಕಬೇಕಾಗುತ್ತೆ. ಆರ್ ಓಡಿಸುವಾಗ ವೆನಿಲ್ಲಾ ಆಯ್ಕೆ ಕೊಟ್ಟರೆ ಆರ್ ನಿಮ್ಮ ಸೆಟ್ಟಿಂಗ್‌ಗಳಿರುವ .ಆರ್‌ಎನ್ವಿರಾನ್ ಫೈಲ್ ಓದುವುದಿಲ್ಲ. ಲೈಬ್ರರಿ ದಾರಿಯನ್ನು ಅಲ್ಲಿ ಬರೆದಿಟ್ಟಿದ್ದರೆ "ಅಂಥ ಪ್ಯಾಕೇಜ್ ಇಲ್ಲ" ಅನ್ನುವ ಎರರ್ ಬರುವುದು ಅದರಿಂದಲೇ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಡಿಟೆಕ್ಟ್‌ಕೋರ್ಸ್ ಇದ್ದದ್ದು ನಿಜ! ಮುಗಿದ ಜಾಬ್‌ಗಳ ದಾಖಲೆ ತೋರಿಸುವ ಸ್ಲರ್ಮ್ ಆದೇಶ ಎಸ್‌ಅಕೌಂಟ್‌ನಲ್ಲಿ ಸತ್ತ ಜಾಬ್ ಮುಂದೆ ಔಟ್ ಆಫ್ ಮೆಮೊರಿ ಅಂತಿದೆ. ಅರೇ ಜಾಬ್‌ಗೆ ಮೆಮೊರಿ ಎಷ್ಟು ಕೇಳಲಿ? ಡೇಟಾ 1 ಕೋಟಿ ಸಾಲು, 20 ಕಾಲಂ, ಎಲ್ಲವೂ ದಶಮಾಂಶ ಸಂಖ್ಯೆ.

ಉತ್ತರ 2 (ಕ್ಲಸ್ಟರ್ ನೋಡಿಕೊಳ್ಳುವವರು):
ಆರ್‌ನಲ್ಲಿ ಅಂಥ ಒಂದು ಸಂಖ್ಯೆಗೆ 8 ಬೈಟ್. ಅಂದರೆ ಡೇಟಾ ಒಂದೇ 1.6 ಜಿಬಿ. ಬೂಟ್‌ಸ್ಟ್ರಾಪ್ ಪ್ರತಿ ಸುತ್ತಿಗೂ ಇನ್ನೊಂದು ಪ್ರತಿ ಮಾಡುತ್ತೆ, ಮಾಡೆಲ್ ಹೊಂದಿಸುವಾಗ ಮತ್ತಷ್ಟು. ಬೇಡದ ಕಾಲಂಗಳನ್ನು ಓದುವಾಗಲೇ ಬಿಟ್ಟುಬಿಡಿ. ಮೊದಲು 8 ಜಿಬಿ ಕೇಳಿ 1ನೇ ಟಾಸ್ಕ್ ಒಂದನ್ನೇ ಕಳಿಸಿ. ಮುಗಿದ ಮೇಲೆ ಎಸ್‌ಅಕೌಂಟ್‌ನಲ್ಲಿ ಮ್ಯಾಕ್ಸ್‌ಆರ್‌ಎಸ್‌ಎಸ್ (ಜಾಬ್ ಬಳಸಿದ ಗರಿಷ್ಠ ಮೆಮೊರಿ) ನೋಡಿ, ಅದಕ್ಕೆ ಕಾಲು ಭಾಗ ಸೇರಿಸಿ, ಉಳಿದ 19ಕ್ಕೆ ಅಷ್ಟೇ ಕೇಳಿ.