ಆಗುಂಬೆ ಘಾಟಿ ಇಳಿಸಿದ ಕೈಗೆ ಮನಾಲಿಯ ಹಿಮದ ರಸ್ತೆ ಒಗ್ಗುತ್ತದಾ?

ತುಂಗಾತೀರದವ (ತೀರ್ಥಹಳ್ಳಿ):
ಅಡಿಕೆ ಕೊಯ್ಲು ಮುಗಿಸಿಕೊಂಡು ಫೆಬ್ರವರಿ ಮೊದಲ ವಾರ ಹಿಮಾಚಲಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಅಮ್ಮ. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು. ಓಡಿಸುವುದು ನಾನೇ. ಶಿಮ್ಲಾ, ಕುಫ್ರಿ, ನಾರ್ಕಂಡಾ ನೋಡಿ, ಜಲೋರಿ ಪಾಸ್ ಹತ್ತಿಳಿದು ಮನಾಲಿ, ಸೋಲಾಂಗ್. ಆಮೇಲೆ ಅಟಲ್ ಸುರಂಗ ದಾಟಿ ಸಿಸ್ಸು. ಒಟ್ಟು ಆರು ದಿನ. ಮಗಳಿಗೆ ಹಿಮದ ಮೇಲೆ ಜಾರುವ ಸ್ಕೀ ಕಲಿಯುವ ಆಸೆ. ಹದಿನೈದು ವರ್ಷದಿಂದ ಆಗುಂಬೆ ಘಾಟಿ ಹತ್ತಿ ಇಳಿದವನು ನಾನು, ಜುಲೈ ಮಳೆಯಲ್ಲೂ. ಮನೆಯವರು ಮಾತ್ರ ಅಲ್ಲಿಯ ಡ್ರೈವರ್ ಬೇಕೇ ಬೇಕು ಅಂತಿದ್ದಾರೆ. ಹೋಗಿ ಬಂದವರು ಹೇಳಿ, ನಾನೇ ಓಡಿಸಬಹುದಾ?

ಹೊಸನಗರದ ಹೈದ:
ಧೈರ್ಯವಾಗಿ ಓಡಿಸಿ ಅಣ್ಣ. ನಾನು ಮಾರ್ಚಿನಲ್ಲಿ ಹೋಗಿದ್ದೆ, ನಾನೇ ಓಡಿಸಿದೆ. ಚಂಡೀಗಢದಿಂದ ಶಿಮ್ಲಾಕ್ಕೆ 115 ಕಿ.ಮೀ. ಆಸುಪಾಸು, ಬಹುಪಾಲು ಅಗಲ ರಸ್ತೆ. ಮಂಡಿ, ಕುಲ್ಲು ಕಡೆ ಸುರಂಗದ ಮೇಲೆ ಸುರಂಗ. ಹುಲಿಕಲ್ ಘಾಟಿಯಲ್ಲಿ ಮಂಜು ಕವಿದು ಹತ್ತಡಿ ಕಾಣದಿದ್ದಾಗಲೂ ಇಳಿಸುವವರು ನಾವು. ಎದುರಿಗೆ ಬಸ್ಸು ಬಂದರೆ ಎಲ್ಲಿ ನಿಲ್ಲಿಸಬೇಕು, ಹತ್ತುವವನಿಗೆ ಹೇಗೆ ದಾರಿ ಬಿಡಬೇಕು ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯಿಂದ ಬಂದು ತಿರುವಿನಲ್ಲೇ ಓವರ್‌ಟೇಕ್ ಮಾಡುವವರಿಗಿಂತ ನೀವು ಎಷ್ಟೋ ಮೇಲು.

ಘಾಟಿ ಡ್ರೈವರ್ (ಆಗುಂಬೆ):
ಹೈದ ಹೇಳಿದ್ದು ಮಾರ್ಚಿನ ಮಾತು. ಇವರು ಹೊರಟಿರುವುದು ಫೆಬ್ರವರಿಯಲ್ಲಿ. ಅದು ಬೇರೆ.

ನಾನು ಇಪ್ಪತ್ತೆರಡು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಆಗುಂಬೆಯ 14 ತಿರುವು ನನಗೆ ಮನೆ ಮೆಟ್ಟಿಲಿದ್ದ ಹಾಗೆ. ಹೋದ ಜನವರಿಯಲ್ಲಿ ಭಾವನ ಮನೆಯವರ ಜೊತೆ ಮನಾಲಿಗೆ ಹೋಗಿದ್ದೆ. ಗಾಡಿ ಓಡಿಸಿದ್ದು ಅಲ್ಲಿಯ ಹುಡುಗ. ಸೋಲಾಂಗ್ ದಾಟಿ ಸುರಂಗದ ಕಡೆ ಹತ್ತುವಾಗ, ಬಿಸಿಲೇ ಬೀಳದ ಒಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿ ಇಳಿದ. ಬೂಟಿನ ತುದಿಯಿಂದ ರಸ್ತೆ ಉಜ್ಜಿ ನೋಡಿದ. ನನ್ನ ಕಣ್ಣಿಗೆ ಅದು ಮಳೆ ನಿಂತ ಮೇಲಿನ ಡಾಂಬರು, ಅಷ್ಟೇ. ನಾನೂ ಇಳಿದೆ. ಕಾಲಿಟ್ಟ ತಕ್ಷಣ ಜಾರಿತು, ಬಾಗಿಲು ಹಿಡಿದು ನಿಂತೆ. ಗುಡ್ಡದಿಂದ ಜಿನುಗಿದ ನೀರು ರಾತ್ರಿ ಹೆಪ್ಪುಗಟ್ಟಿ ಗಾಜಿನ ಹಾಗೆ ಕೂತಿತ್ತು. ಬ್ಲ್ಯಾಕ್ ಐಸ್ ಅಂತಾರೆ. ಬಣ್ಣವೇ ಇಲ್ಲ, ಕೆಳಗಿನ ಡಾಂಬರು ಹಾಗೇ ಕಾಣುತ್ತದೆ.

ನಮ್ಮ ಮಂಜಿನಲ್ಲಿ ಕಣ್ಣು ಕಟ್ಟುತ್ತದೆ, ಆದರೆ ಟೈರಿಗೆ ಹಿಡಿತ ಇರುತ್ತದೆ. ಅಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ, ಟೈರಿಗೇ ಹಿಡಿತ ಇಲ್ಲ. ಎರಡನೇ ಗೇರಿನಲ್ಲಿ ಇಳಿಸುವ ನಮ್ಮ ಅಭ್ಯಾಸ ಅಲ್ಲೂ ಕೆಲಸಕ್ಕೆ ಬರುತ್ತದೆ, ನಿಜ. ಆದರೆ ಗಾಬರಿಯಾದಾಗ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದಲ್ಲ, ಅದನ್ನು ತಡೆಯೋದು ನಾಲ್ಕು ದಿನದಲ್ಲಿ ಬರುವ ವಿದ್ಯೆ ಅಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಮಗು ಇರುತ್ತಾರೆ.

ಹೊಸನಗರದ ಹೈದ:
ಅದಕ್ಕೇ ಚೈನ್ ಇದೆಯಲ್ಲ. ಬಾಡಿಗೆಗೆ ಸಿಗುತ್ತದೆ, ಟೈರಿಗೆ ಸುತ್ತಿ ಹೊರಟರಾಯ್ತು.

ಘಾಟಿ ಡ್ರೈವರ್ (ಆಗುಂಬೆ):
ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಅಡಿಕೆ ದಬ್ಬೆ ಹಾಸುತ್ತೇವಲ್ಲ, ಚೈನ್ ಅಂದರೆ ಅಂಥದ್ದೇ. ದಬ್ಬೆ ಇದೆ ಅಂತ ಅದರ ಮೇಲೆ ಯಾರೂ ಓಡುವುದಿಲ್ಲ. ಚೈನ್ ಹಾಕಿದ ಗಾಡಿಯೂ ನಿಧಾನಕ್ಕೇ ಹೋಗಬೇಕು. ಬರೀ ಡಾಂಬರು ಬಂದ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಟೈರೂ ಹಾಳು, ರಸ್ತೆಯೂ ಹಾಳು. ಕೊರೆಯುವ ಚಳಿಯಲ್ಲಿ ಮಂಡಿಯೂರಿ ಹಾಕಿ ತೆಗೆಯುವುದು ಅಭ್ಯಾಸ ಇಲ್ಲದವರಿಗೆ ಸುಲಭ ಅಲ್ಲ. ಇನ್ನೊಂದು ವಿಷಯ. ಜೋರಾಗಿ ಹಿಮ ಬಿದ್ದ ದಿನ ಮನಾಲಿಯಿಂದ ಮೇಲಕ್ಕೆ ಫೋರ್ ವೀಲ್ ಡ್ರೈವ್ ಗಾಡಿ ಮಾತ್ರ ಬಿಡುತ್ತಾರೆ. ನಿಮ್ಮ ಬಾಡಿಗೆ ಕಾರು ನಿಂತಲ್ಲೇ ನಿಲ್ಲುತ್ತದೆ.

ಸಾಗರದ ಅಕ್ಕ:
ಯಾರು ಓಡಿಸಬೇಕು ಅನ್ನೋದಕ್ಕಿಂತ ಮುಂಚೆ ದಾರಿಯನ್ನೇ ಇನ್ನೊಮ್ಮೆ ನೋಡಿ ತಮ್ಮ. ಜಲೋರಿ ಪಾಸ್ 3,100 ಮೀಟರಿಗೂ ಎತ್ತರ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಬೇಸಿಗೆಯ ನಕ್ಷೆ ನೋಡಿ ಫೆಬ್ರವರಿಗೆ ಯೋಜನೆ ಹಾಕಿದ್ದೀರಿ ಅನಿಸುತ್ತದೆ. ನಾರ್ಕಂಡಾದಿಂದ ವಾಪಸ್ ಶಿಮ್ಲಾಕ್ಕೆ ಬಂದು, ಬಿಲಾಸ್‌ಪುರ, ಮಂಡಿ ಮೇಲೆ ಮನಾಲಿಗೆ ಹೋಗಬೇಕಾಗುತ್ತದೆ. ಶಿಮ್ಲಾದಿಂದ ಮನಾಲಿಗೇ 250 ಕಿ.ಮೀ. ಹತ್ತಿರ, ಬೆಟ್ಟದ ದಾರಿಯಲ್ಲಿ ಇಡೀ ದಿನ ಬೇಕು. ಆರು ದಿನದಲ್ಲಿ ಇಷ್ಟೂ ಊರು ಅಂದರೆ ಅಮ್ಮ ಕಾರಿನಲ್ಲೇ ಕೂತಿರಬೇಕು.

ನಮ್ಮ ಕೊಡಚಾದ್ರಿ 1,343 ಮೀಟರ್. ಮನಾಲಿ ಪೇಟೆಯೇ 2,000 ಮೀಟರಿನ ಆಸುಪಾಸು, ಅಟಲ್ ಸುರಂಗದ ಬಾಯಿ 3,000 ಮೀಟರಿಗೂ ಮೇಲೆ. ನಮ್ಮತ್ತೆಯನ್ನು ಕರೆದುಕೊಂಡು ಹೋದಾಗ ಮೊದಲ ಎರಡು ದಿನ ಮನಾಲಿ ಬಿಟ್ಟು ಕದಲಲಿಲ್ಲ. ದೇವದಾರು ಕಾಡಿನ ನಡುವೆ ಹಿಡಿಂಬಾ ದೇವಸ್ಥಾನ ಇದೆ. ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಒಂದು ಬೆಳಗ್ಗೆ ಪೂರ್ತಿ ಕೂತಿದ್ದರು. ಇವತ್ತಿಗೂ ಆ ಪ್ರವಾಸ ಅಂದರೆ ಅವರು ಹೇಳುವುದು ಆ ಬಿಸಿಲಿನ ಮಾತನ್ನೇ.

ತುಂಗಾತೀರದವ (ತೀರ್ಥಹಳ್ಳಿ):
ಅಕ್ಕ, ಜಲೋರಿ ವಿಷಯ ಗೊತ್ತಿರಲಿಲ್ಲ. ಒಳ್ಳೆಯದಾಯ್ತು. ಆದರೆ ನಾರ್ಕಂಡಾ ಬಿಡಲು ಮನಸ್ಸಿಲ್ಲ. ಅಲ್ಲಿ ಜನ ಕಡಿಮೆ, ಮಗಳಿಗೆ ಕಲಿಯಲು ಅನುಕೂಲ ಅಂತ ಕೇಳಿದ್ದೆ.

ವಿನೋಬನಗರದ ಹುಡುಗಿ (ಶಿವಮೊಗ್ಗ):
ಸ್ಕೀ ಬಗ್ಗೆ ನಾನು ಹೇಳುತ್ತೇನೆ, ಸೋಲಾಂಗಿನಲ್ಲಿ ಮೂರು ದಿನ ಕಲಿತಿದ್ದೇನೆ. ನಾರ್ಕಂಡಾದ ಇಳಿಜಾರು ಚಿಕ್ಕದು, ಜನ ಕಡಿಮೆ, ನಿಜ. ಆದರೆ ಹಿಮ ಬೀಳದ ವರ್ಷ ಅಲ್ಲಿ ಬರೀ ಹುಲ್ಲು. ಸೋಲಾಂಗಿನಲ್ಲೂ ಕೆಲವು ವರ್ಷ ತಡ ಆಗುತ್ತದೆ. ಹಾಗಾಗಿ ಸ್ಕೀ ಮುಖ್ಯ ಅಂದರೆ ಒಂದೇ ಕಡೆ ಮೂರು ದಿನ ಉಳಿಯಿರಿ. ಇವತ್ತು ಇಲ್ಲದ ಹಿಮ ನಾಳೆ ಬೀಳಬಹುದು.

ಮೊದಲ ದಿನ ಬರೀ ನಿಲ್ಲುವುದನ್ನೇ ಕಲಿಸುತ್ತಾರೆ. ಬೂಟಿಗೆ ಸಿಕ್ಕಿಸುವ ಉದ್ದ ಪಟ್ಟಿಗಳಿಗೂ ಸ್ಕೀ ಅಂತಲೇ ಹೆಸರು. ಆ ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂಭಾಗ ಅಗಲಿಸಿ, ಮಂಡಿ ಮಡಚಬೇಕು. ಆಗ ವೇಗ ಕಡಿಮೆಯಾಗುತ್ತದೆ. ಮಕ್ಕಳಿಗೆ ಇದು ನಮಗಿಂತ ಬೇಗ ಬರುತ್ತದೆ. ಬೂಟು ಮಾತ್ರ ಚೆನ್ನಾಗಿ ನೋಡಿ ತೆಗೆದುಕೊಳ್ಳಿ. ನನಗೆ ಒಂದು ಅಂಗಡಿಯಲ್ಲಿ ದೊಡ್ಡ ಅಳತೆಯ ಬೂಟು ಕೊಟ್ಟು, ಎರಡು ಜೊತೆ ಕಾಲುಚೀಲ ಹಾಕಿಕೊ ಅಂದರು. ಒಳಗೆ ಹಿಮ್ಮಡಿ ಎದ್ದು ಎದ್ದು ಬೀಳುತ್ತಿತ್ತು, ಸಂಜೆಗೆ ಎರಡೂ ಕಾಲಲ್ಲಿ ಬೊಕ್ಕೆ. ಹಿಮ್ಮಡಿ ಅಲುಗಾಡದ ಬೂಟು ಸಿಗುವ ತನಕ ಬದಲಾಯಿಸಿ ಕೊಡಲು ಹೇಳಿ, ಸಂಕೋಚ ಬೇಡ.

ಹೊಸನಗರದ ಹೈದ:
ಸರಿ, ಹಿಮದ ರಸ್ತೆ ಮಟ್ಟಿಗೆ ಆಗುಂಬೆ ಅಣ್ಣನ ಮಾತು ಒಪ್ಪಿದೆ. ಆದರೆ ಪೂರ್ತಿ ದಾರಿಗೆ ಡ್ರೈವರ್ ಯಾಕೆ? ಮನಾಲಿವರೆಗೆ ತಾವೇ ಓಡಿಸಲಿ. ಬೇಕಾದಲ್ಲಿ ನಿಲ್ಲಿಸಿ ಬಿಯಾಸ್ ನದಿ ನೋಡುವ ಸುಖ ಟ್ಯಾಕ್ಸಿಯಲ್ಲಿ ಸಿಗಲ್ಲ. ಸಕ್ರೆಬೈಲಿನಲ್ಲಿ ಆನೆ ನೀರಿಗಿಳಿಯುವುದು ಕಂಡರೆ ನಾವು ಸುಮ್ನೆ ನಿಲ್ಲಿಸುತ್ತೇವೆ ಅಲ್ವಾ, ಹಾಗೆ.

ಘಾಟಿ ಡ್ರೈವರ್ (ಆಗುಂಬೆ):
ಆ ಮಾತು ನನಗೂ ಸರಿ ಕಾಣುತ್ತದೆ. ಮನಾಲಿಯಿಂದ ಮೇಲಕ್ಕೆ ಮಾತ್ರ ಸ್ಥಳೀಯ ಗಾಡಿ ಮಾಡಿಕೊಳ್ಳಿ.

ತುಂಗಾತೀರದವ (ತೀರ್ಥಹಳ್ಳಿ):
ಮನೆಯಲ್ಲಿ ಎಲ್ಲ ಓದಿ ಹೇಳಿದೆ. ಶಿಮ್ಲಾ, ನಾರ್ಕಂಡಾ ಎರಡೂ ಬಿಟ್ಟೆವು. ಚಂಡೀಗಢದಿಂದ ನೇರ ಮನಾಲಿ, ದಾರಿಯಲ್ಲಿ ಮಂಡಿಯಲ್ಲಿ ಒಂದು ರಾತ್ರಿ. ಮನಾಲಿಯಲ್ಲಿ ಮೂರು ದಿನ. ಅಲ್ಲಿವರೆಗೆ ನಾನೇ ಓಡಿಸುತ್ತೇನೆ. ಸೋಲಾಂಗ್, ಸಿಸ್ಸುಗೆ ಅಲ್ಲಿಯ ಗಾಡಿ. 9 ಕಿ.ಮೀ. ಸುರಂಗ ಹೊಕ್ಕು ಆಚೆ ಹೊರಬಂದಾಗ ಹೇಗಿರುತ್ತದೆ ಅಂತ ಅಮ್ಮ ಈಗಲೇ ಕೇಳುತ್ತಿದ್ದಾರೆ.

ಘಾಟಿ ಡ್ರೈವರ್ (ಆಗುಂಬೆ):
ಮನಾಲಿಯಲ್ಲಿ ರಾತ್ರಿ ಗಾಡಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಚಳಿಗೆ ಹಿಡಿದುಕೊಂಡು ಬಿಡದೇ ಹೋಗಬಹುದು. ಸಮತಟ್ಟಾದ ಜಾಗ ನೋಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವೈಪರ್ ಗಾಜಿನಿಂದ ಎತ್ತಿ ನಿಲ್ಲಿಸಿ. ಬೆಳಗ್ಗೆ ಬಿಸಿಲು ಬಿದ್ದು ರಸ್ತೆ ಒಣಗುವ ತನಕ ಹೊರಡಬೇಡಿ, ಕತ್ತಲಾಗುವ ಮುಂಚೆ ಕೋಣೆ ಸೇರಿಕೊಳ್ಳಿ. ಹೊರಡುವ ಹಿಂದಿನ ದಿನ ಇಲ್ಲಿ ಒಂದು ಮಾತು ಹಾಕಿ, ಭಾವ ಇಟ್ಟುಕೊಂಡಿರುವ ಆ ಹುಡುಗನ ನಂಬರ್ ಕೇಳಿ ನಿಮಗೆ ಬೇರೆಯಾಗಿ ಕಳಿಸುತ್ತೇನೆ.