ಮುದಿ ಇಲಿಗಳ ಕಸುವು: ಲ್ಯಾಬಿನ ಅನಿಮಲ್ ಹೌಸ್ ಡಾಕ್ಟರನ್ನು ಕೇಳಿ

ಶಿವಮೊಗ್ಗ: ಸರ್, ಸಿ57 ಅನ್ನೋ ಲ್ಯಾಬ್ ತಳಿಯ ಗಂಡು ಮೈಸ್ (ಚಿಕ್ಕ ಇಲಿ). 20 ತಿಂಗಳ ವಯಸ್ಸಲ್ಲಿ 20 ಇದ್ದವು, 26ಕ್ಕೆ 11 ಉಳಿದಿವೆ. ಮದ್ದು ಏನೂ ಕೊಟ್ಟಿಲ್ಲ. ಆದ್ರೂ ಹಿಡಿತದ ಬಲ ಸರಾಸರಿ ಏರಿದೆ, ತೂಕದಿಂದ ಭಾಗಿಸಿದ್ದು. ಹೇಗೆ?

ಡಾಕ್ಟರ್: ಬಲ ಏರಿಲ್ಲ, ಲೆಕ್ಕ ಏರಿದೆ. ಸತ್ತ ಒಂಬತ್ತರಲ್ಲಿ ನಿತ್ರಾಣದವೇ ಹೆಚ್ಚಿರುತ್ತವೆ. ಅವು ಪಟ್ಟಿಯಿಂದ ಹೋದರೆ ಸರಾಸರಿ ತಾನಾಗಿ ಮೇಲೇಳುತ್ತೆ. ಉಳಿದ 11ರದ್ದೇ 20ನೇ ತಿಂಗಳ ಅಂಕಿ ತೆಗೆದು ಹೋಲಿಸಿ. ಜೊತೆಗೆ ಮುಪ್ಪಿನಲ್ಲಿ ಮೈ ಇಳಿದರೆ, ಬಲ ಅಷ್ಟೇ ಇದ್ದರೂ ಭಾಗಲಬ್ಧ ಏರುತ್ತೆ. ಬಲ, ತೂಕ ಬೇರೆ ಬೇರೆ ಬರೆದಿಡಿ. ಬಲ ಅಳೆಯುವ ಯಂತ್ರದ ಸರಳು ಹಿಡಿದ ಇಲಿಯನ್ನು ಬಾಲ ಹಿಡಿದು ಅಡ್ಡಕ್ಕೆ, ಒಂದೇ ಹದದಲ್ಲಿ ಎಳೀಬೇಕು. ಜಗ್ಗಿದರೆ ಅಂಕಿ ಹಾರುತ್ತೆ. ಪ್ರತಿ ಸಲ ಒಬ್ಬರದ್ದೇ ಕೈ.
ನನ್ನ ಚಿಂತೆ ಬೇರೆ. ಮೈ ಎಷ್ಟಿಳಿದಿದೆ ಅಂತ ಬರೆದೇ ಇಲ್ಲ. ಶೇ. 20 ಇಳಿದು, ಕೂದಲು ನಿಗುರಿ, ಬೆನ್ನು ಗೂನಾಗಿದ್ದರೆ ಅದನ್ನು ಯಂತ್ರಕ್ಕೆ ಹಾಕಬೇಡಿ. ಪಾದವನ್ನೂ ತಿರುಗಿಸಿ ನೋಡಿ. ನಮ್ಮ ಮಳೆಗೆ ಹಾಸಿದ ಭತ್ತದ ಹೊಟ್ಟು ತೇವ ಹಿಡಿದು ಪಾದ ಹುಣ್ಣಾಗುತ್ತೆ, ಹುಣ್ಣಿನ ಪಾದ ಸರಳು ಹಿಡಿಯಲ್ಲ. ಅದು ಮುಪ್ಪಲ್ಲ, ನಮ್ಮ ಸೋಮಾರಿತನ.

ಭದ್ರಾವತಿ: ರೋಟರಾಡ್ (ಇಲಿ ಬೀಳದೆ ನಡೀಬೇಕಾದ ತಿರುಗುವ ಸರಳು) ವೇಗ?

ಡಾಕ್ಟರ್: ನಿಮಿಷಕ್ಕೆ 4 ಸುತ್ತಿಂದ 40ಕ್ಕೆ, 300 ಸೆಕೆಂಡಲ್ಲಿ. ಸರಳು ತಬ್ಬಿ ಜೊತೆಗೇ ಒಂದು ಸುತ್ತು ಬಂದರೆ ಅಲ್ಲಿಗೆ ಸಮಯ ನಿಲ್ಲಿಸಿ.

ಸೊರಬ: ಟ್ರೆಡ್‌ಮಿಲ್‌ನಲ್ಲಿ ಮುದಿ ಇಲಿ ಕೂತುಬಿಟ್ಟರೆ ಶಾಕ್ ಬದಲು ಏನು ಮಾಡ್ಬಹುದು?

ಸಾಗರ: "ಆಯಸ್ಸು ಹೆಚ್ಚಿಸುವ ರಾಪಮೈಸಿನ್! ಹಿರಿಯರಿಗೆ ವಾರಕ್ಕೊಂದು." ಫಾರ್ವರ್ಡ್ ಬಂದಿದೆ. ಅಜ್ಜನಿಗೆ ಕೊಡ್ಬಹುದಾ ಡಾಕ್ಟ್ರೇ?

ಡಾಕ್ಟರ್: ಕೊಡಬೇಡಿ. 600 ದಿನದ ಮೈಸ್‌ಗೆ ಆಹಾರದಲ್ಲಿ ಕೊಟ್ಟು ಆಯಸ್ಸು ಹೆಚ್ಚಿದ್ದು ನಿಜ, 2009ರಲ್ಲಿ, ಅಮೆರಿಕದ ಮೂರು ಲ್ಯಾಬಲ್ಲಿ. ಆದರೆ ಅದು ಕಿಡ್ನಿ ಕಸಿಯಾದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸೋಕೆ ಕೊಡುವ ಮದ್ದು. ಬಾಯಿಹುಣ್ಣು, ಸೋಂಕು ಬರಬಹುದು, ಗಾಯ ಬೇಗ ಮಾಯಲ್ಲ. ನಿಮ್ಮಜ್ಜ ಪಂಜರದಲ್ಲಿಲ್ಲ.

ತೀರ್ಥಹಳ್ಳಿ: ಊಟ ಕಮ್ಮಿ ಮಾಡಿದ್ರೆ ಇಲಿ ಜಾಸ್ತಿ ಬದುಕುತ್ತೆ ಅಂತ 1935ರಲ್ಲೇ ತೋರಿಸಿದಾರೆ. ಏಕಾದಶಿ ಸುಮ್ನೆ ಮಾಡಿದ್ದಾ?

ಭದ್ರಾವತಿ: ಆ ಇಲಿಗಳಿಗೆ ದಿನಾ ಏಕಾದಶಿ ಸ್ವಾಮಿ. ಊಟ ಕಮ್ಮಿ ಮಾಡಿದ ಮಂಗಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ಲ್ಯಾಬಿನವು ಜಾಸ್ತಿ ಬದುಕಿದವು, ಅಲ್ಲಿನದೇ ಇನ್ನೊಂದು ಲ್ಯಾಬಿನವು ಇಲ್ಲ.

ತೀರ್ಥಹಳ್ಳಿ: ವಿಸ್ಕಾನ್ಸಿನ್ ಆಹಾರದಲ್ಲಿ ಸಕ್ಕರೆ ಜಾಸ್ತಿ, ಅದನ್ನೂ ಹೇಳಿ. ಅರ್ಧ ಓದಿ ಬರ್ಬೇಡಿ.

ಭದ್ರಾವತಿ: ಅರ್ಧ ಓದಿದ್ದು ಯಾರು ಅಂತ ಏಕಾದಶಿಲೇ ಗೊತ್ತಾಯ್ತು.

ಹೊಸನಗರ: ರೋಟರಾಡ್ ವೇಗ ಎಷ್ಟಿಡ್ಬೇಕು ಸರ್?

ಡಾಕ್ಟರ್: ಮೇಲೆ ಓದಿ.

ಸಾಗರ: ಹೋಗ್ಲಿ, ಅಮೃತಬಳ್ಳಿ ಕಷಾಯ ದಿನಾ ಒಂದು ಲೋಟ?

ಡಾಕ್ಟರ್: ಲಿವರ್ ಕೆಟ್ಟ ವರದಿಗಳಿವೆ. ಇನ್ನು ಫಾರ್ವರ್ಡ್ ಹಾಕಿದ್ರೆ ಉತ್ತರಿಸಲ್ಲ.

ಶಿವಮೊಗ್ಗ: ಸರ್, ತೂಕ ನೋಡಿದೆ. ಎರಡು ಶೇ. 20ಕ್ಕಿಂತ ಜಾಸ್ತಿ ಇಳಿದಿವೆ.

ಡಾಕ್ಟರ್: ಆ ಎರಡರ ಪರೀಕ್ಷೆ ಈಗಲೇ ನಿಲ್ಲಿಸಿ. ನಿಮ್ಮಲ್ಲಿನ ಪಶುವೈದ್ಯರಿಗೆ ತೋರಿಸಿ, ಪ್ರಾಣಿ ಪ್ರಯೋಗದ ಎಥಿಕ್ಸ್ ಸಮಿತಿಗೆ ಕೊಟ್ಟ ಪ್ರೋಟೋಕಾಲ್‌ನಲ್ಲಿ ಇಲಿ ಎಷ್ಟು ನರಳಿದರೆ ಪ್ರಯೋಗ ಮುಗಿಸಬೇಕು ಅಂತ ಬರೆದಿದ್ದೀರೋ ಹಾಗೆ ಮಾಡಿ. ನಾಳೆ ಅಲ್ಲ.

ಸೊರಬ: ಟ್ರೆಡ್‌ಮಿಲ್ ಪ್ರಶ್ನೆ ಹಾಗೇ ಇದೆ.

ತೀರ್ಥಹಳ್ಳಿ: ಭದ್ರಾವತಿಯವರು ಪೂರ್ತಿ ಓದಿದಾರಂತೆ, ಕೇಳಿ.