‘ಇದು ನನ್ನ ವೈಯಕ್ತಿಕ ಅಭಿಪ್ರಾಯ’ ಎಂದು ಬರೆದರೆ ಸಾಕೇ?

ಪ್ರಶ್ನೆ: ನನ್ನ ವೃತ್ತಿಗೆ ಸಂಬಂಧಿಸಿದ ಆನ್‌ಲೈನ್ ಚರ್ಚೆಗಳಲ್ಲಿ ನಾನು ಆಗಾಗ ಬರೆಯುತ್ತೇನೆ. ಅಲ್ಲಿ ಹೇಳುವುದೆಲ್ಲ ನನ್ನ ಸ್ವಂತ ಅಭಿಪ್ರಾಯವೇ ಹೊರತು ನನ್ನ ಕಂಪನಿಯದಲ್ಲ. ಕೊನೆಯಲ್ಲಿ ಹಾಗೆಂದು ಒಂದು ಸಾಲು ಸೇರಿಸಿದರೆ ಸಾಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನನ್ನ ಅನುಭವದಲ್ಲಿ ಸಾಕಾಗಲಿಲ್ಲ. ಕೆಲವು ವರ್ಷಗಳ ಹಿಂದೆ, ಒಂದು ಸಾಫ್ಟ್‌ವೇರ್‌ನ ಭದ್ರತಾ ದೋಷದ ಕುರಿತು ನಡೆಯುತ್ತಿದ್ದ ಚರ್ಚೆಗೆ ಕಚೇರಿಯ ಇಮೇಲ್ ವಿಳಾಸದಿಂದಲೇ ಉತ್ತರ ಬರೆದೆ. ಇದು ನನ್ನ ವೈಯಕ್ತಿಕ ಅಭಿಪ್ರಾಯವೆಂದು ಸ್ಪಷ್ಟವಾಗಿ ಸೇರಿಸಿಯೂ ಇದ್ದೆ. ಆದರೆ ಅದರ ಕೆಳಗೇ ನನ್ನ ಹುದ್ದೆ ಮತ್ತು ಕಂಪನಿಯ ಹೆಸರಿದ್ದ ಸಹಿ ತಾನಾಗಿ ಸೇರಿಕೊಂಡಿತ್ತು. ಆ ಸಾಫ್ಟ್‌ವೇರ್ ತಯಾರಿಸಿದವರು ನಮ್ಮ ಗ್ರಾಹಕರೂ ಆಗಿದ್ದರಿಂದ, ಅದನ್ನು ಕಂಪನಿಯ ನಿಲುವೆಂದೇ ತಿಳಿದು ವಿವರಣೆ ಕೇಳಿದರು. ನಾನು ಬರೆದ ವಿಷಯದಲ್ಲಿ ತಪ್ಪಿರಲಿಲ್ಲ. ಆದರೂ ಅದಕ್ಕೆ ಸಮಜಾಯಿಷಿ ಕೊಡಬೇಕಾಗಿ ಬಂದವರು, ಆ ಚರ್ಚೆಯ ಬಗ್ಗೆ ಏನೂ ತಿಳಿಯದ ನನ್ನ ಸಹೋದ್ಯೋಗಿಗಳು. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

1995ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ ಅಂತರ್ಜಾಲ ಶಿಷ್ಟಾಚಾರದ ಮಾರ್ಗಸೂಚಿಯು, ಸ್ಪಷ್ಟವಾಗಿ ಹೇಳದ ಹೊರತು ಯಾರ ಮಾತನ್ನೂ ಅವರ ಸಂಸ್ಥೆಯ ಮಾತೆಂದು ತಿಳಿಯಬಾರದೆಂದು ಓದುಗರಿಗೆ ಹೇಳಿತ್ತು. ನಿಮ್ಮ ಈಗಿನ ಅಥವಾ ಮುಂದಿನ ಮೇಲಧಿಕಾರಿಯೂ ನಿಮ್ಮ ಬರಹವನ್ನು ಓದಬಹುದೆಂದು ಬರೆಯುವವರನ್ನೂ ಅದು ಎಚ್ಚರಿಸಿತ್ತು. ಓದುಗರು ಆ ಸೌಜನ್ಯ ತೋರಿಯೇ ತೋರುತ್ತಾರೆಂದು ನಂಬಿ ಕೂರುವಂತಿಲ್ಲ, ಆದರೆ ನಮ್ಮ ಎಚ್ಚರ ನಮ್ಮ ಕೈಯಲ್ಲಿದೆ. ಆದ್ದರಿಂದ ಈಗ ಇಂಥ ಚರ್ಚೆಗಳಿಗೆ ಸ್ವಂತ ವಿಳಾಸ, ಸ್ವಂತ ಖಾತೆ ಮತ್ತು ಸ್ವಂತ ಸಮಯವನ್ನೇ ಬಳಸುತ್ತೇನೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶ ಬಳಸುವವರು ಇನ್ನೂ ಒಂದನ್ನು ಗಮನಿಸಬೇಕು: ಪ್ರತಿ ಕಮಿಟ್‌ನಲ್ಲಿಯೂ, ಅಂದರೆ ಹಾಗೆ ದಾಖಲಿಸಿದ ಪ್ರತಿ ಬದಲಾವಣೆಯಲ್ಲಿಯೂ, ಇಮೇಲ್ ವಿಳಾಸ ದಾಖಲಾಗುತ್ತದೆ, ಹಾಗಾಗಿ ಸ್ವಂತ ಯೋಜನೆಗಳಿಗೆ ಸ್ವಂತ ವಿಳಾಸವನ್ನು ಪ್ರತ್ಯೇಕವಾಗಿ ಹೊಂದಿಸಿಡುವುದು ಒಳ್ಳೆಯದು.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಪ್ರತ್ಯೇಕವಾಗಿಡುವುದೆಂದರೆ ಮುಚ್ಚಿಡುವುದಲ್ಲ. ಚರ್ಚೆ ನನ್ನ ಕಂಪನಿಯ ಅಥವಾ ಅದರ ಪ್ರತಿಸ್ಪರ್ಧಿಯ ಉತ್ಪನ್ನದ ಕಡೆ ತಿರುಗಿದರೆ, ನಾನು ಇಂಥ ಕಡೆ ಕೆಲಸ ಮಾಡುತ್ತೇನೆ, ಆದರೆ ಅವರ ಪರವಾಗಿ ಬರೆಯುತ್ತಿಲ್ಲ ಎಂದು ಮೊದಲ ವಾಕ್ಯದಲ್ಲಿಯೇ ಹೇಳುತ್ತೇನೆ. ಅದನ್ನು ಹೇಳದೆ ಹೊಗಳಿದರೂ ತೆಗಳಿದರೂ ಓದುವವರಿಗೆ ಮೋಸ ಮಾಡಿದಂತೆ. ಅಮೆರಿಕದ ಗ್ರಾಹಕ ಹಿತರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿಯೂ, ಉದ್ಯೋಗಿಯೊಬ್ಬರು ತಮ್ಮ ಕಂಪನಿಯ ಉತ್ಪನ್ನವನ್ನು ಹೊಗಳುವಾಗ ಆ ಸಂಬಂಧವನ್ನು ತಿಳಿಸಬೇಕೆನ್ನುತ್ತದೆ.

ಮೂರನೆಯ ಉತ್ತರ: ಒಂದು ಮಾತು ಸೇರಿಸುತ್ತೇನೆ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರೆ, ಕೆಲಸದ ಮೂಲಕವಷ್ಟೇ ತಿಳಿದುಬಂದ ಸಂಗತಿಯನ್ನು ಸ್ವಂತ ಖಾತೆಯಿಂದ ಬರೆದರೂ ಅದು ಕರಾರಿನ ಉಲ್ಲಂಘನೆಯಾಗಬಹುದು. ಬರೆಯುವ ಮುನ್ನ ಆ ಕರಾರನ್ನೂ ಕಂಪನಿಯ ಸಾಮಾಜಿಕ ಜಾಲತಾಣ ನೀತಿಯನ್ನೂ ಪೂರ್ತಿಯಾಗಿ ಓದಿಕೊಳ್ಳಿ. ಅನುಮಾನವಿದ್ದರೆ ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಜೋಪಾನವಾಗಿಟ್ಟುಕೊಳ್ಳಿ.